ನಡತೆಗೆ ಅಳತೆಗೋಲು ಉಂಟೆ?
(ಕಟ್ಟಡ ಕಾಮಗಾರಿಯ ತಂಡಗಳಲ್ಲಿ ನೈತಿಕ ವರ್ತನೆಯ ಮಾಪನ)

ಲೋಕೋಪಯೋಗಿ ಇಲಾಖೆಯ ಕೆಲಸ ನಡೆಯುವೆಡೆಗಳಲ್ಲೆಲ್ಲ ‘ಮೆಷರ್‌ಮೆಂಟ್ ಬುಕ್’ ಎಂಬ ಒಂದು ಪುಸ್ತಕವಿರುತ್ತದೆ. ಇಲಾಖೆಯವರು ಅದನ್ನು ಎಂ.ಬಿ. ಎಂದು ಕರೆಯುವುದು ವಾಡಿಕೆ. ತೋಡಿದ ಪಾಯದ ಉದ್ದಗಲ ಎಷ್ಟು, ಕಟ್ಟಿದ ಗೋಡೆಯ ಎತ್ತರವೆಷ್ಟು, ಹಾಕಿದ ಕಾಂಕ್ರೀಟು ಎಷ್ಟು ಘನಮೀಟರು ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕು. ಪುಟಗಳಿಗೆ ಅಂಕಿ ಹಾಕಿರುತ್ತದೆ, ಹಾಳೆಯನ್ನು ಹರಿಯುವಂತಿಲ್ಲ. ತಪ್ಪಿ ಬರೆದುದನ್ನು ಅಳಿಸುವಂತಿಲ್ಲ. ಗೀಟು ಎಳೆದು, ಮೇಲೆ ಸರಿಯಾದುದನ್ನು ಬರೆದು, ಸಹಿ ಮಾಡಬೇಕು. ಕೆಳಗಿನವರು ಬರೆದ ಅಳತೆಯನ್ನು ಮೇಲಿನವರು ಸ್ಥಳಕ್ಕೆ ಹೋಗಿ ಪರೀಕ್ಷಿಸಬೇಕು. ಆಮೇಲೆಯೇ ಕಂಟ್ರಾಕ್ಟರಿಗೆ ಬಿಲ್ಲು. ಈಚೆಗೆ ಈ ಪುಸ್ತಕ ಗಣಕಯಂತ್ರಕ್ಕೂ ಏರಿದೆ. ಆದರೆ ಅದರ ಧರ್ಮ ಬದಲಾಗಿಲ್ಲ.

ಇಷ್ಟೆಲ್ಲ ಎಚ್ಚರಿಕೆಯಿಂದ ನಾವು ಅಳೆಯುವುದು ಕಲ್ಲನ್ನು, ಮಣ್ಣನ್ನು, ಗಾರೆಯನ್ನು. ಅಳೆಯುವವನ ನಡತೆಯನ್ನು ಅಳೆಯುವವರು ಯಾರು? ಅದನ್ನು ಅಳೆಯಲು ಸಾಧ್ಯವೆ? ಇದೇ ಈ ಲೇಖನದ ಪ್ರಶ್ನೆ.

ಇದು ಎಂಜಿನಿಯರಿಂಗ್ ಕಾಲೇಜಿನವರ ವಿಷಯ, ಕಲಾ ಕಾಲೇಜಿನ ನಮಗೇಕೆ ಎಂದು ಕೆಲವರು ಕೇಳಬಹುದು. ಆದರೆ ಪ್ರಶ್ನೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ನೀತಿಶಾಸ್ತ್ರವಿದೆ, ಮನಶ್ಶಾಸ್ತ್ರವಿದೆ, ಅರ್ಥಶಾಸ್ತ್ರವಿದೆ, ಸಂಖ್ಯಾಶಾಸ್ತ್ರವಿದೆ. ಇವೆಲ್ಲ ನಮ್ಮ ತರಗತಿಗಳ ವಿಷಯಗಳೇ ಸರಿ. ಅದಲ್ಲದೆ, ಕುಸಿಯುವ ಕಟ್ಟಡವು ತನ್ನ ಕೆಳಗಿರುವವರು ಯಾವ ಶಾಸ್ತ್ರ ಓದಿದವರೆಂದು ವಿಚಾರಿಸುವುದಿಲ್ಲ. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡವೊಂದು ಬಿದ್ದು 19 ಮಂದಿ ಪ್ರಾಣ ಕಳೆದುಕೊಂಡರು. ಇಂತಹ ಪ್ರತಿಯೊಂದು ದುರಂತದ ಬಳಿಕ ನಾವು ‘ಪ್ರಾಮಾಣಿಕತೆ ಇಲ್ಲವಾಯಿತು’ ಎಂದು ಮರುಗುತ್ತೇವೆ. ಮರುಕದಿಂದ ಮುಂದಿನ ಕಟ್ಟಡ ನಿಲ್ಲುವುದಿಲ್ಲ. ಇಲ್ಲವಾದುದು ಏನು, ಎಷ್ಟು, ಯಾವಾಗಿನಿಂದ ಎಂದು ಮೊದಲೇ ತಿಳಿಯುವ ದಾರಿ ಬೇಕು.

1. ಒಬ್ಬನ ಶೀಲವೋ, ತಂಡದ ನಡತೆಯೋ?

ನಾವು ಸಾಮಾನ್ಯವಾಗಿ ನೀತಿಯನ್ನು ವ್ಯಕ್ತಿಯ ಗುಣವೆಂದು ಭಾವಿಸುತ್ತೇವೆ. ಆದರೆ ಒಂದು ದೊಡ್ಡ ಕಾಮಗಾರಿಯನ್ನು ಒಬ್ಬ ವ್ಯಕ್ತಿ ಮಾಡುವುದಿಲ್ಲ. ಹಣ ಹಾಕುವ ಯಜಮಾನ, ನಕ್ಷೆ ಬರೆಯುವವರು, ಕಂಟ್ರಾಕ್ಟರು, ಅವನ ಕೈಕೆಳಗಿನ ತುಂಡು ಗುತ್ತಿಗೆದಾರರು, ಮೇಲ್ವಿಚಾರಕರು, ಮೇಸ್ತ್ರಿ, ಕೂಲಿಯಾಳು—ಇವರೆಲ್ಲ ಸೇರಿ ಒಂದು ತಂಡ. ಈ ತಂಡದಲ್ಲಿ ಕಳ್ಳನೊಬ್ಬನೂ ಇಲ್ಲದಿದ್ದರೂ ನಡತೆ ಕೆಡಬಹುದು ಎಂಬುದಕ್ಕೆ ಕೆನಡಾ ದೇಶದ ಕ್ವಿಬೆಕ್ ಸೇತುವೆ ದೊಡ್ಡ ನಿದರ್ಶನ.

ಸೇಂಟ್ ಲಾರೆನ್ಸ್ ನದಿಯ ಮೇಲೆ ಕಟ್ಟುತ್ತಿದ್ದ ಆ ಉಕ್ಕಿನ ಸೇತುವೆಯ ನಡುವಣ ಅಂಕಣವನ್ನು 1600 ಅಡಿಯಿಂದ 1800 ಅಡಿಗೆ ಹೆಚ್ಚಿಸಲಾಯಿತು. ಆದರೆ ಸೇತುವೆಯ ಸ್ವಂತ ಭಾರವನ್ನು ಹೊಸದಾಗಿ ಲೆಕ್ಕ ಹಾಕಲಿಲ್ಲ. ಸಲಹೆಗಾರ ಎಂಜಿನಿಯರ್ ಥಿಯೊಡೋರ್ ಕೂಪರ್ ವಯಸ್ಸಾದವರು. ಆರೋಗ್ಯ ಸರಿಯಿಲ್ಲದೆ ನ್ಯೂಯಾರ್ಕಿನಲ್ಲಿಯೇ ಇದ್ದು ಕೆಲಸ ನಡೆಸುತ್ತಿದ್ದರು. 1907ರ ಆಗಸ್ಟಿನಲ್ಲಿ ಕೆಳಗಿನ ಉಕ್ಕಿನ ಭಾಗಗಳು ಬಾಗುತ್ತಿರುವುದು ಸ್ಥಳದಲ್ಲಿದ್ದವರ ಕಣ್ಣಿಗೆ ಬಿತ್ತು. ‘ತರುವಾಗಲೇ ಬಾಗಿದ್ದವು’ ಎಂದು ಕೆಲವರು ವಾದಿಸಿದರು. ಮೆಕ್ಲೂರ್ ಎಂಬ ತರುಣ ಎಂಜಿನಿಯರು ಸುದ್ದಿ ಹೊತ್ತು ನ್ಯೂಯಾರ್ಕಿಗೆ ಹೋದರು. ಆಗಸ್ಟ್ 29ರಂದು ಕೂಪರ್ ಅವರು ಸೇತುವೆಯ ಮೇಲೆ ಇನ್ನು ಭಾರ ಹೇರಬಾರದೆಂದು ತಂತಿ ಕಳುಹಿಸಿದರು. ಆದರೆ ಕಳುಹಿಸಿದ್ದು ಸೇತುವೆಯ ಬಳಿಗಲ್ಲ, ಉಕ್ಕಿನ ಕಂಪನಿಯ ಕಚೇರಿಗೆ. ಕಚೇರಿಯವರು ಮರುದಿನ ನಿರ್ಧರಿಸೋಣವೆಂದರು. ಅದೇ ದಿನ ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಸೇತುವೆ ಕುಸಿಯಿತು. ಮೇಲಿದ್ದ 86 ಮಂದಿಯಲ್ಲಿ 75 ಮಂದಿ ಸತ್ತರು.

ಇಲ್ಲಿ ಲಂಚವಿಲ್ಲ, ಕಲಬೆರಕೆಯಿಲ್ಲ. ಎಚ್ಚರಿಕೆಯ ಮಾತು ಒಬ್ಬರಿಂದೊಬ್ಬರಿಗೆ ಸಾಗುವ ದಾರಿ ಮಾತ್ರ ಕೆಟ್ಟಿತ್ತು. ಕೆಲಸ ನಿಲ್ಲಿಸುವ ಅಧಿಕಾರ ಯಾರದೆಂಬುದು ಸ್ಥಳದಲ್ಲಿದ್ದ ಯಾರಿಗೂ ನಿಶ್ಚಯವಿರಲಿಲ್ಲ. ಆದುದರಿಂದ ನೈತಿಕ ವರ್ತನೆಯನ್ನು ಅಳೆಯಹೊರಟವರು ಮನುಷ್ಯರನ್ನು ಮಾತ್ರ ನೋಡಿದರೆ ಸಾಲದು. ಮನುಷ್ಯರ ನಡುವಣ ಸಂಬಂಧವನ್ನೂ ನೋಡಬೇಕು.

2. ಅಳೆಯಬೇಕಾದುದು ಯಾವುದು?

ಯಾವ ವಸ್ತುವನ್ನು ಅಳೆಯಬೇಕಾದರೂ ಮೊದಲು ಅದರ ಲಕ್ಷಣವನ್ನು ಗೊತ್ತುಮಾಡಿಕೊಳ್ಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ರೆಸ್ಟ್ ಅವರು ಒಂದು ನೈತಿಕ ಕ್ರಿಯೆಯಲ್ಲಿ ನಾಲ್ಕು ಅಂಗಗಳಿವೆ ಎಂದರು. ಇಲ್ಲೊಂದು ನೀತಿಯ ಪ್ರಶ್ನೆ ಇದೆ ಎಂದು ಗುರುತಿಸುವುದು ಮೊದಲನೆಯದು. ಯಾವುದು ಸರಿ ಎಂದು ವಿವೇಚಿಸುವುದು ಎರಡನೆಯದು. ಲಾಭ, ಸ್ನೇಹ, ಭಯ ಇವುಗಳಿಗಿಂತ ಸರಿಯಾದುದನ್ನು ಮೇಲೆಂದು ಬಯಸುವುದು ಮೂರನೆಯದು. ಬಯಸಿದುದನ್ನು ಮಾಡಿ ಮುಗಿಸುವ ಧೈರ್ಯ ನಾಲ್ಕನೆಯದು.

ಇದನ್ನು ಕಾಮಗಾರಿಗೆ ಅನ್ವಯಿಸಿ ನೋಡೋಣ. ಸಂಜೆ ಐದು ಗಂಟೆ. ತಾರಸಿಗೆ ಕಾಂಕ್ರೀಟು ಹಾಕುತ್ತಿದ್ದಾರೆ. ಕಲಸಿದ್ದು ಗಟ್ಟಿಯಾಗುತ್ತಿದೆ; ಆಳುಗಳು ಒಂದೆರಡು ಬಕೆಟ್ ನೀರು ಸುರಿದುಕೊಳ್ಳುತ್ತಾರೆ. ನೀರು ಹೆಚ್ಚಾದರೆ ಹರಡುವುದು ಸುಲಭ, ಬಲ ಕಡಮೆ. ಮೇಲ್ವಿಚಾರಕನಿಗೆ ಇದು ಕಾಣಲೇ ಇಲ್ಲವಾದರೆ ಮೊದಲನೆಯ ಅಂಗದ ದೋಷ. ಕಂಡೂ ‘ಇಷ್ಟರಿಂದ ಏನಾದೀತು’ ಎಂದರೆ ಎರಡನೆಯದರ ದೋಷ. ತಪ್ಪೆಂದು ಗೊತ್ತಿದ್ದೂ ಕೆಲಸ ಬೇಗ ಮುಗಿದರೆ ಸಾಕೆಂದರೆ ಮೂರನೆಯದು. ನಿಲ್ಲಿಸಬೇಕೆಂದು ಮನಸ್ಸಿದ್ದೂ ಕಂಟ್ರಾಕ್ಟರಿಗೆ ಹೆದರಿದರೆ ನಾಲ್ಕನೆಯದು. ಹೊರಗಿನಿಂದ ನಾಲ್ಕೂ ಒಂದೇ ಬಗೆಯಾಗಿ ಕಾಣುತ್ತವೆ: ನೀರು ಬಿತ್ತು. ಆದರೆ ಔಷಧ ನಾಲ್ಕಕ್ಕೂ ಬೇರೆ ಬೇರೆ. ಮೊದಲೆರಡಕ್ಕೆ ಶಿಕ್ಷಣ ಬೇಕು, ಮೂರನೆಯದಕ್ಕೆ ಮೇಲಿನವರ ನಿದರ್ಶನ ಬೇಕು, ನಾಲ್ಕನೆಯದಕ್ಕೆ ರಕ್ಷಣೆ ಬೇಕು. ಮಾಪನದ ಪ್ರಯೋಜನವೇ ಈ ಭೇದವನ್ನು ತಿಳಿಸುವುದು.

3. ಕೇಳಿ ತಿಳಿಯುವ ವಿಧಾನ

ಮಾಪನದ ಮೊದಲನೆಯ ವಿಧಾನ ಪ್ರಶ್ನಾವಳಿ. 1980ರ ದಶಕದ ಕೊನೆಯಲ್ಲಿ ವಿಕ್ಟರ್ ಮತ್ತು ಕಲ್ಲೆನ್ ಎಂಬ ವಿದ್ವಾಂಸರು ಸಂಸ್ಥೆಗಳ ‘ನೈತಿಕ ವಾತಾವರಣ’ವನ್ನು ಅಳೆಯುವ ಪ್ರಶ್ನೆಗಳನ್ನು ರಚಿಸಿದರು. ‘ನೀನು ಪ್ರಾಮಾಣಿಕನೇ?’ ಎಂದು ಅವರು ಕೇಳಲಿಲ್ಲ. ‘ಇಲ್ಲಿ ಸಾಮಾನ್ಯವಾಗಿ ಜನ ಹೇಗೆ ನಿರ್ಧಾರ ಮಾಡುತ್ತಾರೆ?’ ಎಂದು ಕೇಳಿದರು. ಉತ್ತರಗಳಿಂದ ಐದು ಬಗೆಯ ವಾತಾವರಣಗಳು ತೋರಿಬಂದವು: ಸ್ವಲಾಭವೇ ಮುಖ್ಯವಾದುದು, ಪರಸ್ಪರ ಕಾಳಜಿಯದು, ಅವರವರ ಅಂತಃಸಾಕ್ಷಿಯದು, ಸಂಸ್ಥೆಯ ನಿಯಮದ್ದು, ಕಾನೂನು ಮತ್ತು ವೃತ್ತಿಧರ್ಮದ್ದು.

2008ರಲ್ಲಿ ನೆದರ್ಲೆಂಡ್ಸಿನ ಮ್ಯೂಯೆಲ್ ಕ್ಯಾಪ್ಟೈನ್ ಅವರು 58 ವಾಕ್ಯಗಳ ಒಂದು ಪಟ್ಟಿಯನ್ನು ಪ್ರಕಟಿಸಿ ಎಂಟು ಗುಣಗಳನ್ನು ಹೆಸರಿಸಿದರು: ನಿಯಮದ ಸ್ಪಷ್ಟತೆ, ತಕ್ಷಣದ ಮೇಲಧಿಕಾರಿಯ ಮೇಲ್ಪಂಕ್ತಿ, ಹಿರಿಯ ಆಡಳಿತದ ಮೇಲ್ಪಂಕ್ತಿ, ನಿಯಮ ಪಾಲಿಸಲು ಬೇಕಾದ ಕಾಲ ಮತ್ತು ಸಾಧನ, ಕೆಲಸಗಾರರ ಮನಃಪೂರ್ವಕ ಬೆಂಬಲ, ನಡೆದುದು ಕಾಣುವಂತಿರುವುದು, ಬಿಚ್ಚಿ ಮಾತಾಡಲು ಅವಕಾಶ, ತಪ್ಪಿಗೆ ದಂಡನೆ ಮತ್ತು ಒಳ್ಳೆಯದಕ್ಕೆ ಪುರಸ್ಕಾರ. ಇವುಗಳಲ್ಲಿ ನಾಲ್ಕನೆಯದು ವಿಶೇಷವಾಗಿ ಗಮನಾರ್ಹ. ಕಾಂಕ್ರೀಟಿನ ಅಡಿಯ ಆಸರೆಗಳನ್ನು ನಿಯಮದಷ್ಟು ದಿನ ಬಿಡಬೇಕು. ಆದರೆ ಟೆಂಡರಿನಲ್ಲಿ ಅಷ್ಟು ದಿನ ಕೊಟ್ಟೇ ಇಲ್ಲ. ಹೀಗಿರಲು, ಅವಸರದ ಕರಾರಿಗೆ ಸಹಿ ಮಾಡಿಸಿಕೊಂಡವರು ತಪ್ಪು ನಡೆಯುವುದಕ್ಕೆ ಮೊದಲೇ ಅದರಲ್ಲಿ ಪಾಲು ಪಡೆದಿರುತ್ತಾರೆ.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಜನ ನಿಜ ಹೇಳುವರೆ? ತಮ್ಮನ್ನು ಒಳ್ಳೆಯವರೆಂದು ತೋರಿಸಿಕೊಳ್ಳುವ ಆಸೆ ಎಲ್ಲರಿಗೂ ಸಹಜ. 1960ರಲ್ಲಿಯೇ ಕ್ರೌನ್ ಮತ್ತು ಮಾರ್ಲೋ ಎಂಬವರು ಈ ಆಸೆಯನ್ನೇ ಅಳೆಯಲು 33 ವಾಕ್ಯಗಳ ಒಂದು ಮಾಪಕ ರಚಿಸಿದ್ದರು. ಇದಕ್ಕೆ 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಸೂಚಿಸಿದ ಉಪಾಯ ಬಹು ಸೊಗಸಾಗಿದೆ.

ಹತ್ತು ಚೀಟಿಗಳನ್ನು ಮಾಡೋಣ. ಏಳರಲ್ಲಿ ‘ನಾನು ಸ್ಥಳಕ್ಕೆ ಹೋಗದೆ ಅಳತೆಗೆ ಸಹಿ ಹಾಕಿದ್ದೇನೆ’ ಎಂದೂ, ಮೂರರಲ್ಲಿ ‘ನಾನು ಹಾಗೆ ಸಹಿ ಹಾಕಿಲ್ಲ’ ಎಂದೂ ಬರೆಯೋಣ. ಒಬ್ಬೊಬ್ಬರೂ ಒಂದೊಂದು ಚೀಟಿ ಎತ್ತಿ, ಯಾರಿಗೂ ತೋರಿಸದೆ, ಅದರಲ್ಲಿರುವ ಮಾತು ತಮಗೆ ನಿಜವಾದರೆ ‘ಹೌದು’, ಇಲ್ಲದಿದ್ದರೆ ‘ಅಲ್ಲ’ ಎಂದಷ್ಟೇ ಹೇಳಿ ಚೀಟಿಯನ್ನು ಮರಳಿ ಹಾಕುತ್ತಾರೆ. ‘ಹೌದು’ ಎಂದವನು ಯಾವ ಮಾತಿಗೆ ಹೌದೆಂದನೋ ಕೇಳಿದವನಿಗೆ ತಿಳಿಯದು. ಆದರೂ ಒಟ್ಟು ಲೆಕ್ಕ ತಿಳಿಯುತ್ತದೆ. ತಪ್ಪು ಮಾಡಿದವರ ಪಾಲು ‘ಪ’ ಎಂದಿರಲಿ. ‘ಹೌದು’ಗಳ ಪಾಲು 0.7 ಪ + 0.3 (1 – ಪ), ಅಂದರೆ 0.3 + 0.4 ಪ. ಉದಾಹರಣೆಗಾಗಿ 200 ಮಂದಿಯಲ್ಲಿ 76 ಮಂದಿ ‘ಹೌದು’ ಎಂದರೆನ್ನೋಣ. ಆ ಪಾಲು 0.38. ಆಗ ‘ಪ’ 0.2, ಅಂದರೆ ಸುಮಾರು 40 ಮಂದಿ. ಒಬ್ಬನ ಮಾನವೂ ಹೋಗಲಿಲ್ಲ, ಸತ್ಯವೂ ಹೊರಬಂತು.

ಆದರೆ ಈ ಗುಟ್ಟಿಗೆ ಬೆಲೆ ತೆರಬೇಕು. 200 ಮಂದಿಯ ಲೆಕ್ಕದಲ್ಲಿಯೇ ಶೇಕಡಾ 20 ಎಂಬ ಉತ್ತರವು ಎಂಟೊಂಬತ್ತು ಅಂಶ ಆಚೆಗೋ ಈಚೆಗೋ ಸುಲಭವಾಗಿ ಸರಿಯಬಹುದು. ಹನ್ನೆರಡು ಮಂದಿಯ ಒಂದು ತಂಡದಲ್ಲಿ ಈ ವಿಧಾನದಿಂದ ಏನೂ ತಿಳಿಯದು. ಇಡೀ ಇಲಾಖೆಯ ಆರೋಗ್ಯವನ್ನು ತಿಳಿಯಲು ಇದು ಸರಿ; ಒಂದು ಕಾಮಗಾರಿಯನ್ನು ತಿಳಿಯಲು ಬೇರೆ ದಾರಿ ಬೇಕು.

4. ಅಗೆದು ನೋಡುವ ವಿಧಾನ

ಆ ಬೇರೆ ದಾರಿಯೆಂದರೆ ಕೆಲಸವನ್ನೇ ಸಾಕ್ಷಿಗೆ ಕರೆಯುವುದು. ಇಂಡೊನೇಷ್ಯಾದಲ್ಲಿ ಬೆಂಜಮಿನ್ ಓಲ್ಕೆನ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಪ್ರಸಿದ್ಧ ಉದಾಹರಣೆ. ಜಾವಾ ದ್ವೀಪದ ಆರುನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ರಸ್ತೆ ಕೆಲಸ ನಡೆದಿತ್ತು. ಕೆಲಸ ಮುಗಿದ ಮೇಲೆ ಎಂಜಿನಿಯರುಗಳು ರಸ್ತೆಯನ್ನು ಅಲ್ಲಲ್ಲಿ ಅಗೆದು ಕಲ್ಲು, ಮರಳು, ಜಲ್ಲಿ ನಿಜವಾಗಿ ಎಷ್ಟಿದೆಯೆಂದು ಅಳೆದರು. ಸುತ್ತಮುತ್ತ ವಿಚಾರಿಸಿ ಬೆಲೆ ಕಟ್ಟಿದರು. ಹಳ್ಳಿಯ ಲೆಕ್ಕಪತ್ರದಲ್ಲಿ ತೋರಿಸಿದ ವೆಚ್ಚದೊಡನೆ ಹೋಲಿಸಿದರು. ಪ್ರಾಮಾಣಿಕವಾಗಿ ಮಾಡಿದರೂ ಸ್ವಲ್ಪ ಸಾಮಗ್ರಿ ನಷ್ಟವಾಗುವುದು ಸಹಜವಷ್ಟೆ. ಅದೆಷ್ಟೆಂದು ತಿಳಿಯಲು ತಾವೇ ಚಿಕ್ಕ ರಸ್ತೆಗಳನ್ನು ಮಾಡಿಸಿ ನೋಡಿದರು. ಇವುಗಳ ಅಂತರವೇ ‘ಕಾಣೆಯಾದ ವೆಚ್ಚ’.

ಕೆಲವು ಹಳ್ಳಿಗಳಿಗೆ ‘ನಿಮ್ಮ ಲೆಕ್ಕವನ್ನು ಸರ್ಕಾರ ತಪ್ಪದೆ ತನಿಖೆ ಮಾಡುತ್ತದೆ’ ಎಂದು ಮುಂಚೆಯೇ ತಿಳಿಸಲಾಗಿತ್ತು. ಸಾಮಾನ್ಯವಾಗಿ ತನಿಖೆಯಾಗುವ ಸಂಭವ ನೂರಕ್ಕೆ ನಾಲ್ಕು. ಇಲ್ಲಿ ಅದು ನೂರಕ್ಕೆ ನೂರು. ಇದರಿಂದ ಕಾಣೆಯಾದ ವೆಚ್ಚ ಶೇಕಡಾ ಸುಮಾರು 8 ಅಂಶಗಳಷ್ಟು ಇಳಿಯಿತು. ಆದರೆ ಅದೇ ಹಳ್ಳಿಗಳಲ್ಲಿ ಕಾಮಗಾರಿ ನಡೆಸುವವರ ನೆಂಟರಿಷ್ಟರಿಗೆ ಕೆಲಸ ಕೊಟ್ಟದ್ದು ಹೆಚ್ಚಾಯಿತು. ಒಂದು ಕಡೆ ಒತ್ತಿದರೆ ನೀರು ಇನ್ನೊಂದು ಕಡೆ ಉಬ್ಬಿತು.

ಓಲ್ಕೆನ್ ಅವರ ಇನ್ನೊಂದು ಶೋಧವೂ ನಮಗೆ ಪಾಠವೇ. ಬೆಲೆಯನ್ನು ಹೆಚ್ಚಿಗೆ ತೋರಿಸಿದರೆ ಹಳ್ಳಿಯವರು ಗುರುತಿಸಬಲ್ಲವರಾಗಿದ್ದರು. ಸಾಮಗ್ರಿಯ ಪ್ರಮಾಣವನ್ನು ಹೆಚ್ಚಿಗೆ ತೋರಿಸಿದರೆ ಗುರುತಿಸಲಾರದವರಾಗಿದ್ದರು. ಕದಿಯುವವರು ಅದನ್ನು ತಿಳಿದೇ ಪ್ರಮಾಣದಲ್ಲಿ ಕದ್ದಿದ್ದರು. ಆದುದರಿಂದ ಜನಾಭಿಪ್ರಾಯವೊಂದೇ ಮಾಪಕವಾಗಲಾರದು. ಮಣ್ಣಿನೊಳಗಿನದನ್ನು ಅಗೆದೇ ನೋಡಬೇಕು.

5. ಎಚ್ಚರಿಕೆಯ ನಂತರದ ಗಂಟೆಗಳು

ಮೂರನೆಯ ವಿಧಾನ ಘಟನೆಗಳ ದಾಖಲೆ. 2013ರ ಏಪ್ರಿಲ್ 23ರಂದು ಬಾಂಗ್ಲಾದೇಶದ ಢಾಕಾ ಬಳಿಯ ಸಾವಾರಿನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡದಲ್ಲಿ ಬಿರುಕುಗಳು ಕಂಡವು. ಕೆಳಗಿನ ಬ್ಯಾಂಕಿನವರು ತಮ್ಮ ನೌಕರರನ್ನು ಮನೆಗೆ ಕಳುಹಿಸಿದರು. ಮೇಲಿನ ಉಡುಪು ಕಾರ್ಖಾನೆಗಳವರು ಮರುದಿನ ಕೆಲಸಗಾರರನ್ನು ಒಳಗೆ ಕರೆಸಿದರು. ಆ ಬೆಳಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕು ಒಂದೇ, ನಡತೆ ಎರಡು. ಎಚ್ಚರಿಕೆ ಬಂದ ಗಳಿಗೆಯಿಂದ ಕ್ರಮ ಕೈಗೊಂಡ ಗಳಿಗೆಯವರೆಗೆ ಎಷ್ಟು ಹೊತ್ತಾಯಿತು ಎಂಬುದು ತಂಡದ ನಡತೆಯ ಅತ್ಯಂತ ಖಚಿತವಾದ ಸೂಚಕವೆಂದು ನನ್ನ ಅಭಿಪ್ರಾಯ. ಅದನ್ನು ಗಡಿಯಾರವೇ ಅಳೆಯುತ್ತದೆ.

ಹಾಗೆಂದು ದೂರುಗಳ ಸಂಖ್ಯೆಯನ್ನು ಹಾಗೆಯೇ ಎಣಿಸಬಾರದು. ದೂರಿಲ್ಲದ ತಂಡ ಒಳ್ಳೆಯ ತಂಡವೆಂದು ತಿಳಿದರೆ ಮೋಸಹೋಗುತ್ತೇವೆ. ಮಾತಾಡಲು ಹೆದರುವೆಡೆಯಲ್ಲಿಯೂ ದೂರಿರುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಎಂಜಿನಿಯರಾಗಿದ್ದ ಸತ್ಯೇಂದ್ರ ದುಬೆ ಅವರು 2002ರಲ್ಲಿ ಅಕ್ರಮಗಳ ಬಗ್ಗೆ ಪ್ರಧಾನಮಂತ್ರಿಗಳ ಕಚೇರಿಗೆ ಪತ್ರ ಬರೆದು, ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೋರಿದ್ದರು. ಹೆಸರು ಗುಟ್ಟಾಗಿ ಉಳಿಯಲಿಲ್ಲ. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಕೊಲೆ ದರೋಡೆಯ ಸಲುವಾಗಿ ನಡೆದುದೆಂದು ಸಿ.ಬಿ.ಐ. ತೀರ್ಮಾನಿಸಿತು. ಅದು ಹೇಗೇ ಇರಲಿ, ಗುಟ್ಟು ಕೋರಿದವನ ಗುಟ್ಟನ್ನು ಕಾಯಲಿಲ್ಲವೆಂಬುದನ್ನು ದೇಶದ ಪ್ರತಿಯೊಬ್ಬ ಕಿರಿಯ ಎಂಜಿನಿಯರೂ ಓದಿದ. ಬಳಿಕ 2004ರಲ್ಲಿ ಇಂತಹ ದೂರುಗಳನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸುವ ನಿರ್ಣಯವೂ, 2014ರಲ್ಲಿ ದೂರುದಾರರ ರಕ್ಷಣೆಯ ಕಾಯಿದೆಯೂ ಬಂದವು. ಆದರೆ ರಕ್ಷಣೆ ಕಾಗದದ ಮೇಲಿದ್ದರೆ ಸಾಲದು. ದೂರು ಹೇಳಿದವನು ಒಂದು ವರ್ಷದ ಮೇಲೆ ಎಲ್ಲಿದ್ದಾನೆ, ಯಾವ ಊರಿಗೆ ವರ್ಗವಾಗಿದ್ದಾನೆ—ಇದನ್ನು ಪಟ್ಟಿ ಮಾಡಿದರೆ ಇಲಾಖೆಯ ನಡತೆ ತಾನೇ ಗೋಚರವಾದೀತು.

6. ಅಳತೆಯೇ ಕೆಡುವ ಬಗೆ

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಒಂದು ಸೂತ್ರ ಪ್ರಚಾರದಲ್ಲಿದೆ: ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಕಾಮಗಾರಿಯಲ್ಲಿ ಕಾಂಕ್ರೀಟಿನ ಬಲವನ್ನು ಪರೀಕ್ಷಿಸಲು 15 ಸೆಂಟಿಮೀಟರಿನ ಅಚ್ಚುಗಳಲ್ಲಿ ಘನಗಳನ್ನು ತುಂಬಿ, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ ನೋಡುತ್ತಾರೆ. ಅಚ್ಚಿಗೆ ಹೋಗುವ ಬುಟ್ಟಿಗೆ ಮಾತ್ರ ಒಂದು ಹಿಡಿ ಸಿಮೆಂಟನ್ನು ಹೆಚ್ಚು ಹಾಕಿದರೆ ಘನ ತೇರ್ಗಡೆಯಾಗುತ್ತದೆ, ಕಂಬ ತೇರ್ಗಡೆಯಾಗುವುದಿಲ್ಲ. ನಡತೆಯ ಅಂಕಗಳಿಗೂ ಇದೇ ಗತಿ ಬಂದೀತು. ‘ಈ ಪ್ರಶ್ನಾವಳಿಯಲ್ಲಿ ಶೇಕಡಾ 80 ಬಂದವರಿಗೆ ಮುಂದಿನ ಗುತ್ತಿಗೆ’ ಎಂದು ಸಾರಿದರೆ, ಮರುವರ್ಷದಿಂದ ಎಲ್ಲರಿಗೂ ಶೇಕಡಾ 80 ಬರುತ್ತದೆ.

ಇದನ್ನು ತಪ್ಪಿಸಲು ನಾಲ್ಕು ನಿಯಮಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ಒಂದೇ ಅಳತೆಯನ್ನು ನಂಬದೆ ಮೂರು ವಿಧಾನಗಳನ್ನೂ ಬಳಸಿ, ಅವು ಒಂದನ್ನೊಂದು ಸಮರ್ಥಿಸುವುವೇ ಎಂದು ನೋಡಬೇಕು. ಎರಡನೆಯದಾಗಿ, ಅಳೆಯುವವರು ತಂಡದ ಹೊರಗಿನವರಾಗಿರಬೇಕು. ಇಲ್ಲದಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾದೀತು. ಮೂರನೆಯದಾಗಿ, ಎಲ್ಲಿ ಅಗೆಯುತ್ತಾರೆ ಎಂಬುದು ಮೊದಲೇ ತಿಳಿದಿರಬಾರದು. ನಾಲ್ಕನೆಯದಾಗಿ, ಪ್ರಶ್ನಾವಳಿಯ ಫಲಿತಾಂಶವನ್ನು ತಿದ್ದುವುದಕ್ಕೆ ಉಪಯೋಗಿಸಬೇಕು, ದಂಡಿಸುವುದಕ್ಕಲ್ಲ. ದಂಡನೆಗೆ ಪ್ರತ್ಯೇಕ ಸಾಕ್ಷ್ಯ ಬೇಕು. ಅಳತೆಯ ಪಟ್ಟಿಯಲ್ಲಿ ಕೂಲಿಯವರ ಬಟವಾಡೆ ಹೊತ್ತಿಗೆ ಸರಿಯಾಗಿ ಆಗಿದೆಯೇ ಎಂಬ ಸಾಲೊಂದು ಇರಲೇಬೇಕು. ಬಡವನ ಕೂಲಿಯನ್ನು ತಡೆಯುವ ತಂಡ ಕಾಣದ ಕಂಬಿಗಳ ವಿಷಯದಲ್ಲಿ ಸತ್ಯವಾಗಿರುವುದೆಂದು ನಂಬುವುದು ಕಷ್ಟ.

7. ಅಳತೆ ನಿಲ್ಲುವ ಎಡೆ

ಇಷ್ಟಾದರೂ ಎಲ್ಲವೂ ಅಳತೆಗೆ ಸಿಕ್ಕೀತೆ? ಕೊನೆಯದಾಗಿ ಒಂದು ನಿದರ್ಶನವನ್ನು ನೋಡೋಣ. ನ್ಯೂಯಾರ್ಕಿನ 59 ಅಂತಸ್ತುಗಳ ಸಿಟಿಕಾರ್ಪ್ ಕಟ್ಟಡದ ರಚನೆಯನ್ನು ರೂಪಿಸಿದವರು ವಿಲಿಯಂ ಲೆಮೆಶೂರಿಯರ್. 1978ರಲ್ಲಿ, ಕಟ್ಟಡ ಮುಗಿದು ಜನ ಬಂದು ಸೇರಿದ ಮೇಲೆ, ಅವರು ತಮ್ಮ ಲೆಕ್ಕವನ್ನು ಮತ್ತೆ ನೋಡಿದರು. ವಿದ್ಯಾರ್ಥಿ ದೆಸೆಯಲ್ಲಿದ್ದವರು ಕೇಳಿದ ಒಂದು ಪ್ರಶ್ನೆ ಅದಕ್ಕೆ ಪ್ರೇರಣೆಯಾಯಿತಂತೆ. ಮೂಲೆಯಿಂದ ಬೀಸುವ ಬಿರುಗಾಳಿಗೆ, ಬೆಸುಗೆಯ ಬದಲು ಬೋಲ್ಟುಗಳಿಂದ ಜೋಡಿಸಿದ ಕೀಲುಗಳು ತಡೆಯಲಾರವೆಂದು ಅವರಿಗೆ ತೋರಿತು. ಅವರು ಯಜಮಾನರಿಗೆ ತಾವಾಗಿ ತಿಳಿಸಿದರು. ರಾತ್ರಿಯ ಹೊತ್ತು ಕೀಲುಗಳಿಗೆ ಉಕ್ಕಿನ ಹಲಗೆಗಳನ್ನು ಬೆಸೆದು ಭದ್ರಪಡಿಸಲಾಯಿತು. ಆದರೆ ಅಪಾಯದ ಸಂಗತಿಯನ್ನು ಸಾರ್ವಜನಿಕರಿಂದ ಮುಚ್ಚಿಡಲಾಯಿತು. ಅದು ಬೆಳಕಿಗೆ ಬಂದದ್ದು 1995ರಲ್ಲಿ.

ಇವರಿಗೆ ನಾವು ಎಷ್ಟು ಅಂಕ ಕೊಡೋಣ? ಎಚ್ಚರಿಕೆಯಿಂದ ಕ್ರಮದವರೆಗಿನ ಕಾಲವನ್ನು ನೋಡಿದರೆ ತುಂಬ ಹೆಚ್ಚು. ‘ನಡೆದುದು ಕಾಣುವಂತಿರುವುದು’ ಎಂಬ ಗುಣವನ್ನು ನೋಡಿದರೆ ತೀರ ಕಡಮೆ. ಎರಡನ್ನೂ ಕೂಡಿ ಎರಡರಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಒಂದು ಒಳ್ಳೆಯದು ಇನ್ನೊಂದು ಕೆಟ್ಟದ್ದನ್ನು ತುಂಬಿಕೊಡುವುದೇ ಎಂಬ ಪ್ರಶ್ನೆಗೆ ಸಂಖ್ಯಾಶಾಸ್ತ್ರ ಉತ್ತರ ಕೊಡದು. ಅಲ್ಲಿ ವಿವೇಕವೇ ಬೇಕು. ಆದುದರಿಂದ ನಡತೆಯ ಅಳತೆಗಳನ್ನು ಒಂದೇ ಅಂಕವಾಗಿ ಕರಗಿಸದೆ, ಪ್ರತಿಯೊಂದನ್ನೂ ಅದರದರ ಸಾಲಿನಲ್ಲಿ ಇಡುವುದು ಲೇಸು. ವೈದ್ಯನು ಜ್ವರವನ್ನೂ ನಾಡಿಯನ್ನೂ ಕೂಡಿಸಿ ಹೇಳುವುದಿಲ್ಲವಷ್ಟೆ.

ಹೀಗೆ, ನಡತೆಗೆ ಅಳತೆಗೋಲು ಉಂಟೆ ಎಂಬ ಪ್ರಶ್ನೆಗೆ ನಮ್ಮ ಉತ್ತರ: ಉಂಟು, ಆದರೆ ಅದು ಒಂದಲ್ಲ, ಮತ್ತು ಹಿಡಿದವನ ಕೈ ನಡುಗದಿದ್ದರೆ ಮಾತ್ರ ಉಂಟು. ನಮ್ಮಲ್ಲಿ ಹಲವರು ನಾಳೆ ಗುಮಾಸ್ತರಾಗಿ, ಲೆಕ್ಕಪರಿಶೋಧಕರಾಗಿ, ತಹಸೀಲ್ದಾರರಾಗಿ, ಪಂಚಾಯಿತಿಯ ಸದಸ್ಯರಾಗಿ ಕುಳಿತಿರುವಾಗ ಒಂದು ಎಂ.ಬಿ. ನಮ್ಮ ಮೇಜಿಗೂ ಬಂದೀತು. ಸಹಿಗೆ ಮುಂಚೆ ಸ್ಥಳಕ್ಕೆ ಹೋಗಿ ಬಂದೆವೋ ಇಲ್ಲವೋ ಎಂಬುದನ್ನು ಆ ಪುಸ್ತಕದ ಯಾವ ಕಲಮೂ ಕೇಳುವುದಿಲ್ಲ. ಆ ಒಂದು ಅಳತೆಯನ್ನು ನಾವೇ ತೆಗೆದುಕೊಳ್ಳಬೇಕು.